ಬಚ್ಚಲಿನ ಮಖಮಲ್ಲು

"ಅತ್ತೇ! ಓಡಿ ಬನ್ನಿ, ಬೇಗ!"

ಬಚ್ಚಲುಮನೆಯಿಂದ ಸೊಸೆ ಕೂಗಿದ ರಭಸಕ್ಕೆ, ಜಾರಿಬಿದ್ದು ಸೊಂಟ ಮುರಿದುಕೊಂಡಳೆಂದೇ ಅತ್ತೆ ಎದ್ದುಬಿದ್ದು ಬಂದರು. ನೋಡಿದರೆ ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು, ಮೂಲೆಯ ಕುಂಡದ ಮುಂದೆ ಮಂಡಿಯೂರಿ ಕೂತಿದ್ದಾಳೆ.

"ಹೂ ಬಿಟ್ಟಿದೆ!"

"ಅಷ್ಟೇನಾ? ನನ್ನ ಜೀವ ಬಾಯಿಗೆ ಬಂದಿತ್ತಲ್ಲೇ!"

ಒಣಗಿಸಿದ ಗಿಡಗಳನ್ನು ಹಾಳೆಗೆ ಅಂಟಿಸಿ, ಹೆಸರು ಬರೆದು ಕಾಪಾಡುವುದು ಸಸ್ಯೋದ್ಯಾನದಲ್ಲಿ ಅವಳ ಕೆಲಸ. ಈ ಮನೆ ಸೇರಿದ ಆರು ತಿಂಗಳಿಂದ ಈ ಗಿಡ ಅವಳ ತಲೆ ತಿನ್ನುತ್ತಿತ್ತು. ಕಪ್ಪೆನ್ನುವಷ್ಟು ಹಸಿರಾದ ಎಲೆ, ಮುಟ್ಟಿದರೆ ಮಖಮಲ್ಲು, ಬೆಳ್ಳಿ ದಾರದಂಥ ನರ. ದಟ್ಟ ಕಾಡಿನ ಬುಡದಲ್ಲಿ ಬೀಳುವ ಚೂರುಪಾರು ಬೆಳಕನ್ನೂ ಬಿಡದೆ ಹೀರುವ ಎಲೆ. ಆದರೆ ಇಂಥ ಎಲೆಯ ಜಾತಿಗಳು ಹತ್ತಾರು. ಹೂ ಕಾಣದೆ ಇಂಥದ್ದೇ ಎನ್ನುವಂತಿಲ್ಲ.

ಈಗ ಹೂ ಕಣ್ಣೆದುರಿಗೇ ಇತ್ತು. ದೋಣಿಯಂತೆ ಬಾಗಿದ ನೇರಳೆ ಎಸಳು, ನಡುವೆ ಬಿಳಿ ಕಡ್ಡಿ, ಕಡ್ಡಿಯ ಬುಡಕ್ಕೊಂದು ಕೆಂಪು ಉಂಗುರ. ಆ ಉಂಗುರದ ಮಾತು ಅವಳು ಓದಿದ್ದು ಒಂದೇ ಒಂದು ಹಳೆಯ ಹಾಳೆಯಲ್ಲಿ.

"ಇದು ಎಲ್ಲಿಂದ ಬಂತು ಅತ್ತೆ?"

"ನಮ್ಮಪ್ಪ ತಂದದ್ದು. ಅಣೆಕಟ್ಟಿನ ನೀರು ನಮ್ಮ ಕಣಿವೆಗೆ ನುಗ್ಗೋ ಹೊತ್ತಲ್ಲಿ ಎಲ್ಲರೂ ಪಾತ್ರೆಪಗಡೆ ಹೊತ್ತರೆ, ಆ ಮಹಾರಾಯ ಇದನ್ನ ಒದ್ದೆ ಅಂಗೀಲಿ ಸುತ್ಕೊಂಡು ಬಂದ. ಅಮ್ಮ ಒಂದು ವಾರ ಮಾತೇ ಬಿಟ್ಟಿದ್ದಳು."

ಸೊಸೆ ಓದಿದ್ದ ಆ ಹಾಳೆಯ ಮೇಲಿದ್ದದ್ದೂ ಅದೇ ಕಣಿವೆಯ ಹೆಸರು. ಕೆಳಗೆ ಬೇರೆ ಶಾಯಿಯಲ್ಲಿ ಇನ್ನೊಂದು ಸಾಲು: ಜಾಗ ಮುಳುಗಿದೆ, ಗಿಡ ಅಳಿದಿದೆ.

"ಇದು ಭೂಮಿ ಮೇಲೇ ಇಲ್ಲ ಅಂತ ಬರೆದಿಟ್ಟಿದಾರೆ ಅತ್ತೆ! ಉಳಿದಿರೋದು ಇದೊಂದೇ! ಈ ಹೂ ಕೊಡಿ, ನಾಳಿದ್ದಿಗೆ ಬಾಡಿಹೋಗುತ್ತೆ. ಹೂವನ್ನೇ ಹಾಳೆಗೆ ಅಂಟಿಸಿ ತೋರಿಸದೆ ಯಾರೂ ನಂಬಲ್ಲ."

"ಕೊಯ್ಯೋದಾ? ಇಷ್ಟು ವರ್ಷಕ್ಕೆ ಬಂದ ಮೊದಲ ಹೂ ಕಣೇ!" ಅತ್ತೆ ಕುಂಡಕ್ಕೆ ಅಡ್ಡ ನಿಂತರು. ಸೊಸೆ ಚಾಚಿದ್ದ ಕೈ ಹಿಂದಕ್ಕೆಳೆದುಕೊಂಡಳು. ಅತ್ತೆ ಎಲೆಯೊಂದರ ಮೇಲೆ ಬೆರಳಾಡಿಸಿದರು.

"ನಮ್ಮ ಕಣಿವೆ ಹೆಸರು ಬರೀತೀಯಾ?"

"ದಪ್ಪ ಅಕ್ಷರದಲ್ಲಿ!"

ಅತ್ತೆ ತಾವೇ ಬಗ್ಗಿ, ಉಗುರಿನಿಂದ ಹೂವನ್ನು ಚಿವುಟಿ ಸೊಸೆಯ ಅಂಗೈಗಿಟ್ಟರು. "ಆದ್ರೆ ಇದೊಂದೇ ಅಂತ ಯಾಕೆ ಬರೀತೀಯ? ಎದುರು ಮಹಡಿ ಟೈಲರಮ್ಮನಿಗೂ ಒಂದು ತುಂಡು ಕೊಟ್ಟಿದ್ದೆನಲ್ಲ."

ಟವೆಲ್ಲು ಜಾರಿದ್ದೂ ತಿಳಿಯದೆ ಸೊಸೆ ಮೆಟ್ಟಿಲಿಳಿದು, ರಸ್ತೆ ದಾಟಿ, ಎದುರು ಮಹಡಿ ಹತ್ತಿ ಬಾಗಿಲು ಬಡಿದಳು. ಹೊಲಿಗೆ ಯಂತ್ರದ ಹಿಂದೆ ಗೋಡೆಯುದ್ದಕ್ಕೂ ಕಡುಹಸಿರು ಮಖಮಲ್ಲು ಹಬ್ಬಿತ್ತು.

"ಇದಾ?" ಟೈಲರಮ್ಮ ಬಾಯಲ್ಲಿದ್ದ ಗುಂಡುಪಿನ್ನು ತೆಗೆದಳು. "ಎಷ್ಟು ಬೇಕಾದ್ರೂ ಕಿತ್ಕೊಂಡು ಹೋಗಮ್ಮ. ಸುಮ್ಮನೆ ಜಾಗ ತಿಂತಿದೆ."