ಕೊಳಲಿಗಾಗಿ ಕಾದ ತಾಳ

ಮಗಳ ಬೆರಳು ಗುಂಡಿಯ ಮೇಲಿತ್ತು. ಒತ್ತಿದರೆ ಸಾಕು, ಮೂವತ್ತೆಂಟು ವರ್ಷದ ಹಿಂದಿನ ಆ ಸಿನಿಮಾ ಸಂಗೀತದ ನಡುವೆ ತಪ್ಪಿದ ತಾಳ ನೆಟ್ಟಗಾಗುತ್ತಿತ್ತು. ಹಳೆಯ ಟೇಪುಗಳನ್ನು ಸರಿಪಡಿಸುವುದು ಅವಳ ಕೆಲಸ. ಎದುರಿನ ಹಾಳೆಯಲ್ಲಿ ಆಗಲೇ ಬರೆದಿದ್ದಳು: ಶ್ರುತಿ ಡಿ ಮೈನರ್, ವೇಗ ನಿಮಿಷಕ್ಕೆ ಎಪ್ಪತ್ತೆರಡು ಬಡಿತ, ಭಾವ ದುಃಖ.

“ಇಲ್ಲಿ ಕೇಳಿ ಅಪ್ಪಾ. ಕೊಳಲು ಮುಗ್ಗರಿಸುತ್ತೆ, ಅದರ ಹಿಂದೆ ಇಪ್ಪತ್ತು ಪಿಟೀಲೂ ಆಮೆ ನಡಿಗೆ. ನೀವೂ ನುಡಿಸಿದ್ರಲ್ಲ, ಎಲ್ರೂ ತೂಕಡಿಸ್ತಿದ್ರಾ?”

ತಂದೆ ಕಣ್ಣು ಮುಚ್ಚಿ ಕೇಳಿದರು. ಹೆಂಡತಿ ತೀರಿಕೊಂಡ ಮೇಲೆ ಅವಳ ಕೊಳಲು ಅವರ ಕಿವಿಗೆ ಬಿದ್ದದ್ದು ಇದೇ ಮೊದಲು. “ನಿಮ್ಮಮ್ಮನಿಗೆ ಆಗ ಏಳು ತಿಂಗಳು ಕಣೇ. ಸರಿಯಾಗಿ ಆ ಸ್ವರಕ್ಕೆ ನೀನು ಒಳಗಿಂದ ಒದ್ದೆ. ಅವಳಿಗೆ ಉಸಿರೇ ನಿಂತ ಹಾಗಾಗಿ ಹೊಟ್ಟೆ ನೋಡ್ಕೊಂಡ್ಲು. ಸಂಗೀತ ನಿರ್ದೇಶಕರು ನಿಲ್ಸಿ ಅನ್ನಲಿಲ್ಲ, ಕೈಯಾಡಿಸೋದನ್ನ ನಿಧಾನ ಮಾಡಿ ಅವಳಿಗೋಸ್ಕರ ಕಾದ್ರು. ನಾವೆಲ್ಲ ನಗು ತಡ್ಕೊಂಡು ನುಡಿಸಿದ್ವಿ. ದೇವರ ದಯೆ, ಒಬ್ರೂ ಸ್ವರ ತಪ್ಪಲಿಲ್ಲ.”

“ಇನ್ನೊಂದು ಸಲ ನುಡಿಸಬಹುದಿತ್ತಲ್ಲ?”

“ಅವಳೂ ಹಾಗೇ ಕೇಳಿದ್ಲು. ‘ಬೇಡಮ್ಮ, ಒಳಗಿರೋರು ಒಪ್ಪಿಗೆ ಕೊಟ್ಟಾಯ್ತು’ ಅಂದ್ರು ನಿರ್ದೇಶಕರು.”

ಮಗಳು ನಕ್ಕು ಗುಂಡಿಯಿಂದ ಬೆರಳು ತೆಗೆದಳು. ಏನನ್ನೂ ತಿದ್ದದೆ ಟೇಪನ್ನು ಮೊದಲಿನಿಂದ ಹಾಕಿದಳು. ಆ ಜಾಗ ಬಂದಾಗ ಕೊಳಲು ತಡವರಿಸಿತು. ಅಮ್ಮ ಉಸಿರೆಳೆದುಕೊಳ್ಳುವ ತನಕ ಇಬ್ಬರೂ ಕಾದರು.