ಒಂದೇ ಲೈಸೆನ್ಸ್

ಪಂಪ್‌ಸೆಟ್ ಅಂಗಡಿಯಲ್ಲಿ ರೈತರ ದೂರು ಬರೆದುಕೊಳ್ಳಲು ಇಬ್ಬರಿದ್ದರು, ಕೊಟ್ರೇಶಿ ಮತ್ತು ಗಂಗವ್ವ. ಹೊಸ ಸಾಫ್ಟ್‌ವೇರಿಗೆ ಸಾಹುಕಾರರು ಒಬ್ಬರಷ್ಟೇ ಬಳಸಬಹುದಾದ ಒಂದೇ ಲೈಸೆನ್ಸ್ ಕೊಂಡರು.

"ತಿಂಗಳಾದ ಮ್ಯಾಲೆ ಒಬ್ಬರೇ ಉಳೀತೀರಿ. ರೈತರು ತಾವೇ ಪೋರ್ಟಲ್‌ನಾಗ ದೂರು ಬರೀಲಿ, ಹೋಗಿ ಕಲಿಸ್ರಿ," ಎಂದರು.

ಕೊಟ್ರೇಶಿ ಹೊಲದ ಬದುವಿನಲ್ಲಿ ಕೂತು, ಒಬ್ಬೊಬ್ಬರ ಬೆರಳು ಹಿಡಿದು ಮೊಬೈಲಿನಲ್ಲಿ ಕಲಿಸಿದ. ತನ್ನ ಪಾಲಿನ ಹನ್ನೆರಡು ಹಳ್ಳಿಗಳನ್ನೂ ಮುಗಿಸಿದ. ಗಂಗವ್ವನ ರೈತರು ಮಾತ್ರ ಅವಳಿಗೆ ಫೋನ್ ಮಾಡುವುದನ್ನು ಬಿಡಲೇ ಇಲ್ಲ.

"ಯಕ್ಕಾ, ಇನ್ನ ಮನ್ಯಾಗ ರೊಟ್ಟಿ ಬಡಿ," ಎಂದು ಕೊಟ್ರೇಶಿ ನಕ್ಕ.

ತಿಂಗಳ ಕೊನೆಗೆ ಸಾಹುಕಾರರು ಅವನ ಬೆನ್ನು ತಟ್ಟಿದರು.

"ಭೇಷ್! ನಿನ್ನ ಹಳ್ಳಿಯವರು ಒಬ್ಬರೂ ಫೋನ್ ಮಾಡವಲ್ರು."

"ಹಂಗಾರ ಲೈಸೆನ್ಸ್ ನನಗರೀ?"

"ಗಂಗವ್ವಗೋ ತಮ್ಮಾ. ಆಕಿ ಫೋನ್ ಇನ್ನೂ ಹೊಡಕೊಳ್ಳಾಕತ್ತೈತಿ. ನಿನಗ ಇನ್ನೇನ್ ಕೆಲಸ ಐತಿ?"