ಪಾಚಿಯಿಲ್ಲದ ಹಿತ್ತಲು

ಆಟೋ ಇಳಿದವಳೇ ವಿಲಾಸಿನಿ ಮುಂಬಾಗಿಲ ಕಡೆ ಕಣ್ಣೆತ್ತಿಯೂ ನೋಡದೆ, ಸೀರೆಯ ನೆರಿಗೆ ಎತ್ತಿ ಹಿಡಿದು ಮನೆಯ ಪಕ್ಕದ ಓಣಿಗೆ ತಿರುಗಿದಳು. ತಮ್ಮ ಸೋಮನ್ ಹಿಂದೆಯೇ ಓಡಿದ.

"ಅಕ್ಕ, ಇವತ್ತೊಂದಿನ ಬೇಡ. ಗಂಡಿನ ಮನೆ ನೋಡೋಕೆ ಬಂದಿದೀವಿ, ಚರಂಡಿ ನೋಡೋಕಲ್ಲ."

"ಮುಂದುಗಡೆ ಅವರೇ ತೋರಿಸ್ತಾರೆ. ಹಿಂದುಗಡೆ ನಾನು ನೋಡ್ಕೋತೀನಿ. ಕುನ್ನಂಕುಳದವರ ಮನೆ ಮರೆತ್ಯಾ? ಮುಂದೆ ಗ್ರಾನೈಟು, ಹಿಂದೆ ಬಚ್ಚಲ ನೀರಲ್ಲಿ ಹುಳ."

ತಮ್ಮನ ಮಗಳು ಅಂಬಿಳಿಗೆ ಬಂದ ಎರಡು ಸಂಬಂಧಗಳನ್ನು ಅವಳು ಹೀಗೆಯೇ ಮುರಿದಿದ್ದಳು. ಎರಡನೆಯ ಮನೆಯಲ್ಲಿ ನೀರಿನ ಟ್ಯಾಂಕಿನ ಅಡಿ ಸತ್ತ ಇಲಿ ಸಿಕ್ಕಿತ್ತು. ಜನ ಕಣ್ಣಿಗೆ ಬೀಳುವಷ್ಟನ್ನು ತೊಳೆದು ಮಿಕ್ಕಿದ್ದನ್ನು ನೆರೆಮನೆಯವರ ಮೂಗಿಗೆ ಬಿಡುತ್ತಾರೆ ಎಂದು ಅವಳಿಗೆ ಎಲ್ಲರ ಮೇಲೂ ತಾತ್ಸಾರ. ಇರಿಂಜಾಲಕುಡದ ಈ ಮನೆಯೂ ಅಂಥದ್ದೇ ಇದ್ದೀತು ಎಂದುಕೊಂಡೇ ಬಂದಿದ್ದಳು.

ಆದರೆ ಓಣಿಯ ಗೇಟನ್ನು ಹುಡುಗನ ಅಪ್ಪ ಭಾರ್ಗವನ್ ತಾವೇ ತೆರೆದು ನಿಂತಿದ್ದರು. ನಿವೃತ್ತ ಓವರ್‌ಸಿಯರು, ಉಟ್ಟ ಮುಂಡುಪಂಚೆಯ ಇಸ್ತ್ರಿಯ ಗೆರೆ ಕೂಡ ಅಲುಗಿರಲಿಲ್ಲ. "ಬನ್ನಿ ಚೇಚಿ," ಎಂದು ಅಕ್ಕನನ್ನು ಕರೆಯುವ ಸಲಿಗೆಯಲ್ಲಿ ಕರೆದರು. "ನಿಮ್ಮ ವಿಷಯ ಕೇಳಿದೀನಿ. ಹಿತ್ತಲೇ ಮೊದಲು ನೋಡಿಬಿಡಿ," ಎಂದರು.

ಮಳೆಗಾಲ ಆಗಷ್ಟೇ ಮುಗಿದು ಊರಿನ ಗೋಡೆಗಳೆಲ್ಲ ಹಸಿರು ಹಿಡಿದಿದ್ದವು. ಇಲ್ಲಿ ಕಾಂಪೌಂಡಿನ ಬುಡ ಕೂಡ ಬೆಳ್ಳಗಿತ್ತು. ವಿಲಾಸಿನಿ ಸೂರಿನ ನೀರು ಇಳಿಯುವ ಕೊಳವೆಯ ಬಾಯಿಗೆ ಬೆರಳು ಹಾಕಿದಳು. ಎಸಿ ಯಂತ್ರದ ಬೆನ್ನಿಗೆ, ಬಚ್ಚಲ ಕಿಟಕಿಯ ಹೊರಗಿನ ಸರಳಿಗೆ, ಕೊನೆಗೆ ಬಗ್ಗಿ ಬಟ್ಟೆ ಒಗೆಯುವ ಕಲ್ಲಿನ ಅಡಿಗೂ ಹಾಕಿದಳು. ಬೆರಳು ಹೋದ ಹಾಗೆಯೇ ಚೊಕ್ಕಟವಾಗಿ ವಾಪಸು ಬಂತು. ಅವಳಿಗೆ ಒಂದು ಬಗೆಯ ನಿರಾಸೆಯೇ ಆಯಿತು.

"ಪಾಚಿ ಬೆಳೆಯೋದು ಸೋಮಾರಿಗಳ ಮನೇಲಿ," ಎಂದ ಭಾರ್ಗವನ್ ಥಟ್ಟನೆ ನಿಂತರು. ಗೋಡೆಯ ಮೇಲಿನ ಮೀಟರ್ ಪೆಟ್ಟಿಗೆಯ ಮೂಲೆಯಲ್ಲಿ ಜೇಡರ ಬಲೆಯ ಒಂದು ಎಳೆ ತೂಗುತ್ತಿತ್ತು. "ತಂಗಮಣೀ," ಎಂದರು, ದನಿ ಏರಿಸದೆ.

ಅವರ ಹೆಂಡತಿ ಅಡುಗೆಮನೆಯಿಂದ ಬಂದಳು. ಬಂದವರಿಗೆ ಒಂದು ನಗು ಕೊಟ್ಟು, ಸೊಂಟಕ್ಕೆ ಸಿಕ್ಕಿಸಿದ್ದ ಬಟ್ಟೆ ತೆಗೆದು ಬಲೆ ಒರೆಸಿದಳು. ಅಷ್ಟರಲ್ಲಿ ಮದುವೆಯ ಗಂಡು ರತೀಶ್ ಹಿತ್ತಲ ಬಾಗಿಲಿಗೆ ಬಂದು, ಫೋನಿನಿಂದ ಕಣ್ಣು ತೆಗೆಯದೆ ಕಾಲಿನ ಹೆಬ್ಬೆರಳನ್ನು ಮೆಟ್ಟಿಲ ಸಂದಿಗೆ ಚಾಚಿದ. "ಅಮ್ಮ, ಇಲ್ಲೂ ಒಂಚೂರಿದೆ."

ಆ ಹೆಬ್ಬೆರಳಿನ ಪಕ್ಕದಲ್ಲೇ ಅವಳು ಕುಕ್ಕರಗಾಲಲ್ಲಿ ಕೂತು ಉಜ್ಜಿದಳು. ಅವನು ಕಾಲು ಸರಿಸಲಿಲ್ಲ.

"ಇವಳಿಗೆ ಬೆಟ್ಟುಮಾಡಿ ತೋರಿಸಿದರೇನೇ ಕಾಣೋದು. ಮದುವೆಯಾದಾಗಿನಿಂದ ಇದೇ ಗೋಳು," ಎಂದು ಭಾರ್ಗವನ್ ನಕ್ಕರು. ಮರ್ಯಾದೆಗೆಂದು ಸೋಮನ್ ಕೂಡ ನಕ್ಕ.

ವಿಲಾಸಿನಿ ತಂಗಮಣಿಯ ಹಿಂದೆ ಅಡುಗೆಮನೆಗೆ ಹೋದಳು. ಚಹಾ ಸೋಸುವಾಗ ಆ ಕೈಗಳು ಕಂಡವು. ಉಗುರುಗಳು ಅರ್ಧಕ್ಕೆ ಸವೆದುಹೋಗಿದ್ದವು. ಬೆರಳಿನ ಗೆಣ್ಣುಗಳಲ್ಲಿ ಚರ್ಮ ಬಿರಿದು ಕೆಂಪು ಇಣುಕುತ್ತಿತ್ತು.

"ಕೈಗೇನಾಯ್ತು?"

"ಏನಿಲ್ಲ ಚೇಚಿ. ಬ್ಲೀಚಿಂಗ್ ಪುಡಿ." ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಯಾರೂ ಜೊತೆಗೆ ಕೈ ಹಾಕಲ್ವಾ?"

"ಮುಂದಿನ ಮಳೆಗಾಲಕ್ಕೆ ನಾಲ್ಕು ಕೈ ಆಗುತ್ತಲ್ಲ ಅಂತಾರೆ ಇವರು."

ಹಿತ್ತಲಿನಲ್ಲಿ ವಿಲಾಸಿನಿ ಎಲ್ಲೆಲ್ಲಿ ಬೆರಳು ಹಾಕಿದ್ದಳೋ ಅಲ್ಲೆಲ್ಲ ಈ ಕೈ ಅವಳಿಗಿಂತ ಮೊದಲೇ ಹೋಗಿತ್ತು. ವಿಲಾಸಿನಿಗೆ ತನ್ನ ಚೊಕ್ಕಟ ಬೆರಳಿನ ಮೇಲೆಯೇ ಹೇಸಿಗೆಯಾಯಿತು.

ಚಾವಡಿಯಲ್ಲಿ ಭಾರ್ಗವನ್ ಗೆದ್ದವರ ಹಾಗೆ ಕೂತಿದ್ದರು. "ಏನಂತೀರಿ ಚೇಚಿ? ದಿನ ನೋಡಿಸೋಣವಾ?"

"ನಮ್ಮ ಹುಡುಗೀನ ಕೊಡಲ್ಲ."

ಸೋಮನ್ ಬಾಯಿಗೆ ಇಟ್ಟಿದ್ದ ಬಾಳೆಕಾಯಿ ಚಿಪ್ಸನ್ನು ಕಚ್ಚುವುದನ್ನೇ ಮರೆತ. ಭಾರ್ಗವನ್ ಅವರ ಮುಖ ಬಿಗಿದುಕೊಂಡಿತು. "ಒಂದೇ ಒಂದು ಕಡೆ ಕೊಳೆ ತೋರಿಸಿ, ಆಮೇಲೆ ಮಾತಾಡಿ."

"ತೋರಿಸೋಕೆ ಏನೂ ಇಲ್ಲ. ಅದಕ್ಕೇ ಕೊಡಲ್ಲ," ಎಂದು ವಿಲಾಸಿನಿ ಎದ್ದಳು.

ಅಂಗಳಕ್ಕೆ ಇಳಿಯುತ್ತಿದ್ದಂತೆ ಸೋಮನ್ ಹಲ್ಲು ಕಡಿದ. "ನಿನ್ನ ತಲೆ ನೆಟ್ಟಗಿದೆಯಾ ಅಕ್ಕ? ಗಲೀಜು ಅಂತ ಎರಡು ಮನೆ ಬಿಟ್ಟೆ. ಈಗ ಚೊಕ್ಕ ಅಂತ ಇದನ್ನೂ ಬಿಡ್ತೀಯಾ?"

"ಅವನು ಹೆತ್ತ ತಾಯಿಗೆ ಕಾಲಲ್ಲಿ ತೋರಿಸಿದ. ನೀನು ಹಲ್ಲು ಬಿಡ್ತಾ ನಿಂತಿದ್ದೆ."

ಅಕ್ಕ ತಮ್ಮ ಬರುವಾಗ ತಂದ ಕೆಸರಿನ ಹೆಜ್ಜೆಗಳು ಅಂಗಳದ ಹಾಸುಗಲ್ಲುಗಳ ಮೇಲೆ ಓಣಿಯ ಗೇಟಿನವರೆಗೂ ಮೂಡಿದ್ದವು. ತಂಗಮಣಿ ಆಗಲೇ ಬ್ರಶ್ಶು, ಬಕೆಟ್ಟು ಹಿಡಿದು ಕೂತುಬಿಟ್ಟಿದ್ದಳು. ಮೆಟ್ಟಿಲ ಮೇಲೆ ನಿಂತ ಭಾರ್ಗವನ್ ಎಲ್ಲೆಲ್ಲಿ ಉಜ್ಜಬೇಕೆಂದು ಕೈಚಾಚಿ ತೋರಿಸುತ್ತಿದ್ದರು.

ವಿಲಾಸಿನಿ ಅವಳ ಪಕ್ಕ ಬಂದು ನಿಂತಳು. "ನಿಂಗೆ ಬೇಜಾರಾಯ್ತೇನೋ," ಎಂದಳು.

ತಂಗಮಣಿ ತಲೆ ಎತ್ತಲಿಲ್ಲ. ಮೆಟ್ಟಿಲಿನವರೆಗೆ ಕೇಳಿಸದಷ್ಟು ಮೆಲ್ಲಗೆ, "ಒಳ್ಳೇದು ಮಾಡಿದ್ರಿ ಚೇಚಿ," ಎಂದಳು. ಮತ್ತೆ ಬ್ರಶ್ಶನ್ನು ನೀರಿಗೆ ಅದ್ದಿ ಹೇಳಿದಳು: "ಒಂಚೂರು ಕಾಲೆತ್ತಿ."